ವಿಂಡೋಸೋ, ಲಿನಕ್ಸೋ? ಈ ವಾರವೇ ತೀರ್ಮಾನಿಸಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯಿತು. ಹತ್ತು ವರ್ಷ ಓಡಿದ ಸಿಸ್ಟಂ ಅದು. ಹಾಸ್ಟೆಲ್ ರೂಮುಗಳಲ್ಲಿ, ಸಣ್ಣ ಆಫೀಸುಗಳಲ್ಲಿ, ಸೈಬರ್ ಸೆಂಟರ್‌ಗಳಲ್ಲಿ ಈಗಲೂ ಅದೇ ಓಡುತ್ತಿದೆ. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಸೆಕ್ಯುರಿಟಿ ವ್ಯವಸ್ಥೆ ಕೇಳುತ್ತದೆ, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್‌ನಿಂದ ಈಚಿನ ಪ್ರೊಸೆಸರ್ ಬೇಕೆನ್ನುತ್ತದೆ. 2016ರಲ್ಲಿ ಅಣ್ಣ ಕೊಂಡು ಈಗ ತಮ್ಮನ ಕೈಗೆ ಬಂದಿರುವ ಲ್ಯಾಪ್‌ಟಾಪ್‌ಗೆ ಆ ಅರ್ಹತೆ ಇಲ್ಲ. ಕೀಬೋರ್ಡ್ ಸರಿಯಿದೆ, ಸ್ಕ್ರೀನ್ ಸರಿಯಿದೆ, ಆದರೂ ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಅದು ರಿಟೈರ್ಡ್.

ಹಾಗಾಗಿ ಆಯ್ಕೆ ಮಾಡುವ ಸರದಿ ಈಗ ನಿಮ್ಮದು. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕೂರಬೇಡಿ. ಲಿನಕ್ಸ್ ಕಷ್ಟವಂತೆ, ವಿಂಡೋಸ್ ವೈರಸ್ಸಂತೆ, ಮ್ಯಾಕ್ ದುಬಾರಿಯಂತೆ: ಈ ಅಂತೆಕಂತೆಗಳಿಂದ ಯಾರೂ ಒಂದು ಫೈಲ್ ಕೂಡ ಮುಗಿಸಿಲ್ಲ. ಪೆನ್ನು, ಹಾಳೆ ತೆಗೆದುಕೊಳ್ಳಿ.

1. ಕಳೆದ ತಿಂಗಳು ನಿಜಕ್ಕೂ ತೆರೆದ ಸಾಫ್ಟ್‌ವೇರ್‌ಗಳನ್ನು ಪಟ್ಟಿ ಮಾಡಿ

ಮುಂದೆ ಎಂದಾದರೂ ಕಲಿಯೋಣ ಎಂದಿರುವ ಫೋಟೋಶಾಪ್ ಬೇಡ. ಡೌನ್‌ಲೋಡ್ ಮಾಡಿ ಮರೆತುಬಿಟ್ಟ ವಿಡಿಯೋ ಎಡಿಟರ್ ಬೇಡ. ಸಂಬಳಕ್ಕೋ ಪರೀಕ್ಷೆಗೋ ಬಳಸಿದ್ದನ್ನು ಮಾತ್ರ ಬರೆಯಿರಿ. ಪ್ರತಿಯೊಂದರ ಮುಂದೆ ಒಂದು ಗುರುತು ಹಾಕಿ: ವಿಂಡೋಸ್ ಬೇಕೇ ಬೇಕು, ಯಾವುದಾದರೂ ನಡೆಯುತ್ತದೆ, ಲಿನಕ್ಸ್ ಆದರೆ ಒಳ್ಳೆಯದು.

ಬಿಕಾಂ ಮುಗಿಸಿ ಲೆಕ್ಕಪತ್ರದ ಕೆಲಸಕ್ಕೆ ಹೊರಟವರ ಪಟ್ಟಿಯಲ್ಲಿ ಟ್ಯಾಲಿ ಇದ್ದೇ ಇರುತ್ತದೆ. ಟ್ಯಾಲಿ ಬೆಂಗಳೂರಿನ ಕೂಸೇ, ಆದರೆ ಅದು ಕುಳಿತುಕೊಳ್ಳುವುದು ವಿಂಡೋಸ್ ತೊಡೆಯ ಮೇಲೆ. ಸಿವಿಲ್, ಮೆಕ್ಯಾನಿಕಲ್‌ನವರ ಆಟೊಕ್ಯಾಡ್, ಸಾಲಿಡ್‌ವರ್ಕ್ಸ್‌ಗೆ ಲಿನಕ್ಸ್ ಆವೃತ್ತಿಯೇ ಇಲ್ಲ. ಐಫೋನ್ ಆ್ಯಪ್ ಬರೆಯುವವರಿಗೆ ಎಕ್ಸ್‌ಕೋಡ್ ಬೇಕು, ಎಕ್ಸ್‌ಕೋಡ್‌ಗೆ ಮ್ಯಾಕ್ ಬೇಕು. ಪೈಥಾನ್, ಜಾವಾ, ವಿಎಸ್ ಕೋಡ್, ಗಿಟ್, ಕ್ರೋಮ್, ಮ್ಯಾಟ್‌ಲ್ಯಾಬ್ ಎಲ್ಲ ಕಡೆಯೂ ಓಡುತ್ತವೆ. ಡಾಕರ್, ಕುಬರ್ನೆಟಿಸ್ ಅಂತೂ ಲಿನಕ್ಸ್ ನೀರಿನ ಮೀನುಗಳು.

ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಕಾಲೇಜಿನಲ್ಲಿ ಯಾರೂ ಒತ್ತಿ ಹೇಳದ ಮಾತೊಂದಿದೆ. ಚಿಪ್ ಡಿಸೈನ್‌ನಲ್ಲಿ ಬಳಸುವ ಕೇಡೆನ್ಸ್, ಸಿನಾಪ್ಸಿಸ್ ಕಂಪನಿಗಳ ಮುಖ್ಯ ಟೂಲ್‌ಗಳು ಓಡುವುದು ಲಿನಕ್ಸ್ ಮೇಲೆ. ಬೆಂಗಳೂರಿನಲ್ಲಿ ವಿಎಲ್‌ಎಸ್‌ಐ ಕೆಲಸಕ್ಕೆ ಸೇರಿದವರ ಮುಂದೆ ಮೊದಲ ದಿನವೇ ತೆರೆದುಕೊಳ್ಳುವುದು ಟರ್ಮಿನಲ್. ನಾಲ್ಕು ವರ್ಷ ವಿಂಡೋಸ್‌ನಲ್ಲಿ ಕ್ಲಿಕ್ ಮಾಡುತ್ತಾ ಬಂದವರು ಫೋಲ್ಡರ್ ಬದಲಿಸಲೂ ಪಕ್ಕದವರ ಮುಖ ನೋಡುತ್ತಾರೆ. ಆ ಪರದಾಟ ಈಗಲೇ ತಪ್ಪಿಸಿಕೊಳ್ಳಿ.

ಪಟ್ಟಿಯಿಂದಲೇ ಶುರು ಮಾಡಬೇಕು ಏಕೆ? ನೀವು ದುಡಿಯುವುದು ಆಪರೇಟಿಂಗ್ ಸಿಸ್ಟಂನಲ್ಲಿ ಅಲ್ಲ, ಅದರ ಮೇಲೆ ಓಡುವ ಸಾಫ್ಟ್‌ವೇರ್‌ನಲ್ಲಿ.

2. ಲೈಸೆನ್ಸ್ ನಿಮಗೆ ಏನು ಕೊಡುತ್ತದೆ ಎಂದು ತಿಳಿಯಿರಿ

ವಿಂಡೋಸ್ ಬಾಡಿಗೆ ಮನೆ. ವಾಸಕ್ಕೆ ಅಡ್ಡಿಯಿಲ್ಲ, ಆದರೆ ಗೋಡೆಗೆ ಮೊಳೆ ಹೊಡೆಯಬೇಕಾದರೂ ಓನರ್ ಒಪ್ಪಬೇಕು. ಸೋರ್ಸ್ ಕೋಡ್ ನೋಡುವಂತಿಲ್ಲ, ತಿದ್ದುವಂತಿಲ್ಲ, ಗೆಳೆಯನಿಗೆ ಕಾಪಿ ಕೊಡುವಂತಿಲ್ಲ. ಲಿನಕ್ಸ್ ಸ್ವಂತ ಮನೆ. ನೋಡಬಹುದು, ತಿದ್ದಬಹುದು, ಹಂಚಬಹುದು. ಆದರೆ ಸಂಪ್ ಖಾಲಿಯಾದರೆ ಟ್ಯಾಂಕರ್‌ಗೆ ಫೋನ್ ಮಾಡಬೇಕಾದವರೂ ನೀವೇ.

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದ್ದು ಈ ಹಕ್ಕುಗಳಿಗಾಗಿಯೇ. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ತನ್ನ 21ನೇ ವಯಸ್ಸಿಗೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬರೆದ, ಅದು ಗ್ನೂ ಟೂಲ್‌ಗಳ ಜೊತೆ ಸೇರಿಕೊಂಡಿತು. ವಿದ್ಯಾರ್ಥಿ ಎಂಬ ಪದಕ್ಕೆ ಗೆರೆ ಎಳೆದುಕೊಳ್ಳಿ. ಇನ್ನೂ ಕಲಿಯುತ್ತಿದ್ದೇನೆ ಎಂಬ ನೆಪ ಅವನಿಗೂ ಇತ್ತು, ಬಳಸಿಕೊಳ್ಳಲಿಲ್ಲ.

3. ಸಂಬಳ ಯಾವ ಕಡೆ ಇದೆ ಎಂದು ನೋಡಿ

ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್‌ನದೇ ರಾಜ್ಯಭಾರ. ಸರ್ವರ್ ರೂಮಿನ ಬಾಗಿಲು ತೆರೆದರೆ ಕಥೆ ಉಲ್ಟಾ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿ ಇದೆಯಲ್ಲ, 2017ರ ನವೆಂಬರ್‌ನಿಂದ ಅದರಲ್ಲಿರುವ ಐನೂರೂ ಲಿನಕ್ಸ್. ಮೈಕ್ರೋಸಾಫ್ಟ್‌ನ ಸ್ವಂತ ಕ್ಲೌಡ್ ಅಜೂರ್‌ನಲ್ಲಿ ಕೂಡ ಅರ್ಧಕ್ಕಿಂತ ಹೆಚ್ಚು ವರ್ಚುವಲ್ ಮಷಿನ್‌ಗಳು ಲಿನಕ್ಸ್ ಓಡಿಸುತ್ತವೆ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನಲ್. "ನನಗೆ ಲಿನಕ್ಸ್ ಆಗಿಬರಲ್ಲ" ಎನ್ನುವವರು ಆ ಮಾತನ್ನು ವಾಟ್ಸ್ಆ್ಯಪ್‌ನಲ್ಲಿ ಟೈಪ್ ಮಾಡುವುದು ಲಿನಕ್ಸ್ ಮೇಲೆಯೇ.

ಕ್ಲೌಡ್, ಡೆವ್‌ಆಪ್ಸ್, ಬ್ಯಾಕೆಂಡ್, ಡೇಟಾ ಎಂಜಿನಿಯರಿಂಗ್, ಎಂಬೆಡೆಡ್: ಈ ಐದರಲ್ಲಿ ಯಾವುದು ನಿಮ್ಮ ಗುರಿಯಾದರೂ ಲಿನಕ್ಸ್ ಕಲಿಯಲೇಬೇಕು. ಹಾಗಂತ ಇನ್ನೊಂದು ಕಡೆಯನ್ನು ಹಗುರವಾಗಿ ಕಾಣಬೇಡಿ. ಸಿಎ ಆಫೀಸು, ಪ್ರಿಂಟಿಂಗ್ ಪ್ರೆಸ್, ಆರ್ಕಿಟೆಕ್ಟ್ ಸ್ಟುಡಿಯೋ ಇವೆಲ್ಲ ವಿಂಡೋಸ್, ಮ್ಯಾಕ್ ಮೇಲೆಯೇ ನಡೆಯುತ್ತಿವೆ, ಅಲ್ಲಿಯೂ ಒಳ್ಳೆಯ ಸಂಬಳ ಇದೆ.

4. ಪಕ್ಷ ಸೇರಬೇಡಿ

2001ರಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಮರ್ ಲಿನಕ್ಸನ್ನು ಕ್ಯಾನ್ಸರ್‌ಗೆ ಹೋಲಿಸಿದ್ದರು. ಅದೇ ಕಂಪನಿ 2016ರಲ್ಲಿ ಲಿನಕ್ಸ್ ಫೌಂಡೇಶನ್ ಸೇರಿತು, ಆ ವರ್ಷವೇ ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ ತಂದಿತು, 2018ರಲ್ಲಿ 750 ಕೋಟಿ ಡಾಲರ್ ಕೊಟ್ಟು ಓಪನ್ ಸೋರ್ಸ್ ಜಗತ್ತಿನ ಅಡ್ಡಾ ಆಗಿದ್ದ ಗಿಟ್‌ಹಬ್ಬನ್ನೇ ಕೊಂಡಿತು. ಆಗ ಕುರ್ಚಿಯಲ್ಲಿದ್ದವರು ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾಡೆಲ್ಲ. ಕಂಪನಿಗಳೇ ಹಗೆ ಬಿಟ್ಟು ವ್ಯಾಪಾರ ನೋಡಿಕೊಂಡಿವೆ. ನೀವು ಕ್ಯಾಂಟೀನಿನಲ್ಲಿ ಕೂತು ಅವುಗಳ ಪರವಾಗಿ ಜಗಳ ಆಡುವುದರಲ್ಲಿ ಅರ್ಥವಿಲ್ಲ.

5. ವಿಂಡೋಸ್ ಬಿಡಲಾಗದಿದ್ದರೆ ಅದರೊಳಗೇ ಲಿನಕ್ಸ್ ಕಲಿಯಿರಿ

ಪವರ್‌ಶೆಲ್ ಅನ್ನು ಅಡ್ಮಿನ್ ಆಗಿ ತೆರೆಯಿರಿ. ಡಬ್ಲ್ಯುಎಸ್ಎಲ್ ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಡಿ, ಎರಡು ಹೈಫನ್ ಹಾಕಿ, ಅಂಟಿಸಿದಂತೆ ಇನ್‌ಸ್ಟಾಲ್ ಎಂದು ಬರೆದು ಎಂಟರ್ ಒತ್ತಿ. ರೀಸ್ಟಾರ್ಟ್ ಆದ ಮೇಲೆ ಉಬುಂಟು ನಿಮ್ಮ ವಿಂಡೋಸ್ ಒಳಗೇ ಕೂತಿರುತ್ತದೆ. ಡಿಸ್ಕ್ ಪಾರ್ಟಿಷನ್ ಮುಟ್ಟುವ ಭಯವಿಲ್ಲ, ಟ್ಯಾಲಿ ಕಳೆದುಕೊಳ್ಳುವ ಚಿಂತೆಯಿಲ್ಲ.

ಆಮೇಲೆ ದಿನಕ್ಕೆ ಎರಡೇ ಕಮಾಂಡ್ ಕಲಿಯಿರಿ. ಫೈಲ್ ಹುಡುಕುವುದು, ಫೈಲ್ ಒಳಗಿನ ಪದ ಹುಡುಕುವುದು, ಪರ್ಮಿಷನ್ ಬದಲಿಸುವುದು, ಓಡುತ್ತಿರುವ ಪ್ರೊಸೆಸ್ ನಿಲ್ಲಿಸುವುದು, ದೂರದ ಮಷಿನ್‌ಗೆ ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗುವುದು. ಬಾಯಿಪಾಠ ಮಾಡಬೇಡಿ. ರೆಡ್‌ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲಿ ಟಿಕ್ ಹಾಕುವ ಪ್ರಶ್ನೆಗಳಿಲ್ಲ, ಓಡುತ್ತಿರುವ ಸಿಸ್ಟಂ ಕೊಟ್ಟು ಕೆಲಸ ಮಾಡಿ ತೋರಿಸಿ ಎನ್ನುತ್ತಾರೆ. ಇಂಟರ್‌ವ್ಯೂಗಳೂ ಅದೇ ದಾರಿ ಹಿಡಿದಿವೆ. ಇಂಗ್ಲಿಷ್ ವಿಡಿಯೋ ತಲೆಗೆ ಹತ್ತದಿದ್ದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಕನ್ನಡ ಪಾಠಗಳನ್ನು ಹಚ್ಚಿ. ಲಿನಕ್ಸ್, ಲಿಬ್ರೆಆಫೀಸ್ ಎರಡೂ ಅಲ್ಲಿವೆ, ಕಾಸು ಕೊಡಬೇಕಿಲ್ಲ.

6. ಕ್ರ್ಯಾಕ್ ಮಾಡಿದ ವಿಂಡೋಸ್ ಮುಟ್ಟಬೇಡಿ

"ಆ್ಯಕ್ಟಿವೇಟರ್ ಓಡಿಸುವಾಗ ಆ್ಯಂಟಿವೈರಸ್ ಆಫ್ ಮಾಡ್ಕೋ" ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ. ಗುರುತುಪರಿಚಯವಿಲ್ಲದ ಒಂದು ಪ್ರೋಗ್ರಾಂಗೆ ಅಡ್ಮಿನ್ ಅಧಿಕಾರ ಕೊಟ್ಟು, ಕಾವಲುಗಾರನನ್ನು ಕೈಯಾರೆ ಹೊರಗೆ ಕಳಿಸುತ್ತಿದ್ದೀರಿ. ಅದೇ ಮಷಿನ್‌ನಲ್ಲಿ ನಾಳೆ ನೆಟ್‌ಬ್ಯಾಂಕಿಂಗ್ ಮಾಡುತ್ತೀರಿ. ಲೈಸೆನ್ಸ್‌ಗೆ ದುಡ್ಡಿಲ್ಲದಿದ್ದರೆ ನಾಚಿಕೆ ಪಡಬೇಡಿ, ಲಿನಕ್ಸ್ ಹಾಕಿ. ಕದ್ದ ಮಾಲಿಗಿಂತ ಸ್ವಂತ ಮಾಲು ಮೇಲು.

7. ಕನ್ನಡ ಹೇಗೆ ಬರುತ್ತದೆ ಎಂದು ಮೊದಲೇ ಪರೀಕ್ಷಿಸಿ

ಕರ್ನಾಟಕದಲ್ಲಿ ಕೆಲಸ ಮಾಡುವವರು ಹಾರಿಸಿಬಿಡುವ ಹೆಜ್ಜೆ ಇದು. ಆಮೇಲೆ ತಲೆ ಚಚ್ಚಿಕೊಳ್ಳುವುದೂ ಇದಕ್ಕೇ.

ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್‌ಗಳ ಒಳಗೆ ನಿಜವಾದ ಕನ್ನಡ ಅಕ್ಷರಗಳೇ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದಾರೆ. ಆ ಫಾಂಟ್ ಇಲ್ಲದ ಮಷಿನ್‌ನಲ್ಲಿ ತೆರೆದು ನೋಡಿ. ಕನ್ನಡ ಎಂದು ಇರಬೇಕಾದ ಕಡೆ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆಯ ಮೇಲೆ ಓರೆ ಗೀಟಿರುವ ಎ, ಅದರ ಪಕ್ಕ ಬ್ರಿಟಿಷ್ ಪೌಂಡಿನ ಚಿಹ್ನೆ ಸಾಲಾಗಿ ನಿಂತಿರುತ್ತವೆ. ಇದಕ್ಕೆ ಲಿನಕ್ಸನ್ನು ಬೈಯಬೇಡಿ. ಅದೇ ಫಾಂಟ್ ಇಲ್ಲದ ಹೊಸ ವಿಂಡೋಸ್‌ನಲ್ಲೂ ಹೀಗೇ ಕಾಣುತ್ತದೆ. ಮದ್ದು ಒಂದೇ, ಯೂನಿಕೋಡ್. ಹೊಸದಾಗಿ ಬರೆಯುವುದನ್ನೆಲ್ಲ ಇಂದಿನಿಂದಲೇ ಯೂನಿಕೋಡ್‌ನಲ್ಲಿ ಬರೆಯಿರಿ. ಹಳೆಯದನ್ನು ಕನ್ವರ್ಟರ್‌ಗೆ ಹಾಕಿ ಬದಲಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತುಗಳ ಮೇಲೆ ಒಮ್ಮೆ ಕಣ್ಣಾಡಿಸಿ.

ನುಡಿ ಕೀಬೋರ್ಡ್ ಕೈಗೆ ಕೂತುಬಿಟ್ಟಿದೆ, ಲಿನಕ್ಸ್‌ಗೆ ಹೋದರೆ ಅದು ತಪ್ಪುತ್ತದೆ ಎಂಬ ಭಯ ಹಲವರಿಗೆ. ಬಿಡಿ ಆ ಭಯ. ಲಿನಕ್ಸ್ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ಎಂಬ ವಿನ್ಯಾಸ ತಾನಾಗಿಯೇ ಬರುತ್ತದೆ, ಕನ್ನಡ ಗಣಕ ಪರಿಷತ್ತಿನ ಅದೇ ಕೀಬೋರ್ಡ್. ಒತ್ತಕ್ಷರಕ್ಕೆ ಎಫ್ ಕೀ ಒತ್ತುವ ಅಭ್ಯಾಸ ಹಾಗೇ ನಡೆಯುತ್ತದೆ. ಲೋಹಿತ್, ನೋಟೊ, ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟ್‌ಗಳು ಬೇಕಾದಷ್ಟಿವೆ.

ಆದರೆ ಡಿಟಿಪಿ ನಿಮ್ಮ ವೃತ್ತಿಯಾಗಿದ್ದರೆ ನನ್ನ ಸಲಹೆ ಬೇರೆ. ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ, ಆದರೂ ಕನ್ನಡದ ಎಷ್ಟೋ ಪ್ರೆಸ್‌ಗಳಲ್ಲಿ ಪುಟ ಕಟ್ಟುವುದು ಇನ್ನೂ ಅದರಲ್ಲೇ. ಪ್ರೆಸ್‌ನವರು ಯಾವ ಫೈಲ್ ಕೇಳುತ್ತಾರೋ ಅದನ್ನು ಕೊಡದಿದ್ದರೆ ಆರ್ಡರ್ ಹೋಗುತ್ತದೆ. ವಿಂಡೋಸ್ ಇಟ್ಟುಕೊಳ್ಳಿ, ಪಕ್ಕದಲ್ಲಿ ಯೂನಿಕೋಡ್ ರೂಢಿಸಿಕೊಳ್ಳಿ.

8. ಫೈಲ್ ನಿಮ್ಮ ಕೈಯಲ್ಲಿರಲಿ, ಸಿಸ್ಟಂ ಯಾವುದಾದರೂ ಇರಲಿ

ಇಡೀ ಪಟ್ಟಿಯಲ್ಲಿ ಒಂದೇ ಸೂತ್ರ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಿ. ನಿಮ್ಮನ್ನು ಕಟ್ಟಿಹಾಕುವುದು ಆಪರೇಟಿಂಗ್ ಸಿಸ್ಟಂ ಅಲ್ಲ. ಒಂದೇ ಸಾಫ್ಟ್‌ವೇರ್ ಓದಬಲ್ಲ ಫೈಲ್‌ಗಳು, ಒಂದೇ ಆಫೀಸ್ ಪ್ಯಾಕೇಜ್ ಅರ್ಥಮಾಡಿಕೊಳ್ಳುವ ಮ್ಯಾಕ್ರೊಗಳು ಕಟ್ಟಿಹಾಕುತ್ತವೆ.

ಜರ್ಮನಿಯ ಮ್ಯೂನಿಕ್ ನಗರಾಡಳಿತದ ಕಥೆ ಕೇಳಿ. 2003ರಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಹೋಗಲು ಅಲ್ಲಿನ ಕೌನ್ಸಿಲ್ ನಿರ್ಧರಿಸಿತು. ಲಿಮಕ್ಸ್ ಎಂದು ಹೆಸರಿಟ್ಟರು. ಸುಮಾರು 15,000 ಕಂಪ್ಯೂಟರ್‌ಗಳು ಬದಲಾಗುವ ಹೊತ್ತಿಗೆ 2013 ಬಂದಿತ್ತು. ಹತ್ತು ವರ್ಷ! ಸಿಸ್ಟಂ ಇನ್‌ಸ್ಟಾಲ್ ಮಾಡಲು ಅಷ್ಟು ಕಾಲ ಬೇಕಿರಲಿಲ್ಲ. ಪ್ರತಿ ಇಲಾಖೆಯೂ ತನ್ನದೇ ಟೆಂಪ್ಲೇಟು, ತನ್ನದೇ ಮ್ಯಾಕ್ರೊ, ತನ್ನದೇ ವಿಶೇಷ ಸಾಫ್ಟ್‌ವೇರ್ ಬೆಳೆಸಿಕೊಂಡಿತ್ತು. ಟೆಂಪ್ಲೇಟ್ ಕಾಟಕ್ಕೆಂದೇ ವೋಲ್‌ಮಕ್ಸ್ ಎಂಬ ಸಾಫ್ಟ್‌ವೇರ್ ಬರೆಯಬೇಕಾಯಿತು. ಹೊರಗಿನ ಕಚೇರಿಗಳು ಕಳಿಸುವ ವರ್ಡ್, ಎಕ್ಸೆಲ್ ಫೈಲ್‌ಗಳ ಗೋಳು ಬೇರೆ. 2017ರಲ್ಲಿ ಕೌನ್ಸಿಲ್ ಮತ್ತೆ ವಿಂಡೋಸ್‌ಗೆ ಮರಳಲು ವೋಟು ಹಾಕಿತು. ಅಷ್ಟಕ್ಕೇ ಮುಗಿಯಲಿಲ್ಲ: 2020ರಲ್ಲಿ ಬಂದ ಹೊಸ ಮೈತ್ರಿಕೂಟ ಓಪನ್ ಸೋರ್ಸ್ ಕಡೆಗೇ ಮತ್ತೆ ಒಲವು ತೋರಿತು. ಲಿನಕ್ಸ್ ಸೋತಿತು ಎಂದು ಒಬ್ಬರು, ರಾಜಕೀಯ ಗೆದ್ದಿತು ಎಂದು ಇನ್ನೊಬ್ಬರು ಈಗಲೂ ವಾದಿಸುತ್ತಾರೆ. ನನಗೆ ಕಾಣುವುದು ಇಷ್ಟು: ಫೈಲ್‌ಗಳನ್ನು ಮೊದಲೇ ಬಿಡಿಸಿಕೊಂಡಿದ್ದರೆ ಸಿಸ್ಟಂ ಬದಲಿಸುವುದು ಕೆಲವು ವಾರಾಂತ್ಯಗಳ ಕೆಲಸ.

ಹಾಗಾದರೆ ನೀವು ಏನು ಮಾಡಬೇಕು? ಕಳಿಸಿಕೊಡುವ ದಾಖಲೆಯನ್ನು ಪಿಡಿಎಫ್ ಮಾಡಿ. ಅಂಕಿಅಂಶಗಳ ಒಂದು ಪ್ರತಿಯನ್ನು ಸಿಎಸ್‌ವಿ ರೂಪದಲ್ಲಿ ಇಡಿ. ನೋಟ್ಸ್ ಬರೆಯಲು ಸರಳ ಟೆಕ್ಸ್ಟ್ ಸಾಕು. ಬ್ರೌಸರ್ ಬುಕ್‌ಮಾರ್ಕ್, ಪಾಸ್‌ವರ್ಡ್ ಮ್ಯಾನೇಜರ್ ಎಲ್ಲ ಸಿಸ್ಟಂನಲ್ಲೂ ಓಡುವಂಥದ್ದಾಗಿರಲಿ. ವಿಂಡೋಸ್‌ನಲ್ಲೇ ಇದ್ದುಕೊಂಡು ಲಿಬ್ರೆಆಫೀಸ್ ಇಳಿಸಿ, ನಿಮ್ಮ ಅತಿ ಮುಖ್ಯವಾದ ವರ್ಡ್ ಮತ್ತು ಎಕ್ಸೆಲ್ ಫೈಲ್‌ಗಳನ್ನು ಅದರಲ್ಲಿ ತೆರೆದು ನೋಡಿ. ಟೇಬಲ್ ಜರುಗಿತೇ? ಮ್ಯಾಕ್ರೊ ಮುಷ್ಕರ ಹೂಡಿತೇ? ತೊಂದರೆ ಎಲ್ಲಿದೆ ಎಂದು ಒಂದು ರೂಪಾಯಿ ಖರ್ಚಿಲ್ಲದೆ ತಿಳಿದುಹೋಯಿತು. ಒಂದು ಎಚ್ಚರಿಕೆ: ರೆಸ್ಯುಮೆಯನ್ನು ಎಚ್‌ಆರ್ ವರ್ಡ್ ರೂಪದಲ್ಲೇ ಕೇಳಿದರೆ ವರ್ಡ್‌ನಲ್ಲೇ ಕೊಡಿ. ಸಿದ್ಧಾಂತ ಸಾಬೀತುಪಡಿಸುವ ಜಾಗ ಅದಲ್ಲ.

9. "ಇದು ಪೂರ್ತಿ ಸೇಫ್" ಎನ್ನುವವರನ್ನು ನಂಬಬೇಡಿ

2024 ಎರಡೂ ಬಣಗಳಿಗೆ ಪಾಠ ಹೇಳಿದ ವರ್ಷ. ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೆಕ್ಯುರಿಟಿ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಮಷಿನ್‌ಗಳು ನೀಲಿ ಪರದೆಗೆ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು.

ಅದಕ್ಕೂ ಮೊದಲು, ಮಾರ್ಚ್‌ನಲ್ಲಿ, ಲಿನಕ್ಸ್ ಕೂದಲೆಳೆಯಲ್ಲಿ ಪಾರಾಗಿತ್ತು. ಆಂಡ್ರೆಸ್ ಫ್ರೌಂಡ್ ಎಂಬ ಎಂಜಿನಿಯರ್ ಡೇಟಾಬೇಸ್ ವೇಗ ಅಳೆಯುತ್ತಿದ್ದಾಗ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದು ಕಣ್ಣಿಗೆ ಬಿತ್ತು. ಅರ್ಧ ಸೆಕೆಂಡ್! ಬೇರೆಯವರಾಗಿದ್ದರೆ ಕಾಫಿ ಕುಡಿಯಲು ಎದ್ದುಹೋಗುತ್ತಿದ್ದರು. ಅವರು ಜಾಡು ಹಿಡಿದು ಹೋದರು. ಎಕ್ಸ್‌ಝಡ್ ಎಂಬ ಪುಟ್ಟ ಲೈಬ್ರರಿಯ ಹೊಸ ಆವೃತ್ತಿಯಲ್ಲಿ ಯಾರೋ ಕಳ್ಳಬಾಗಿಲು ಕೊರೆದಿಟ್ಟಿದ್ದು ಬಯಲಾಯಿತು. ವಿಶ್ವಾಸ ಗಳಿಸಿಕೊಂಡು ಒಳಗೆ ಸೇರಿದ್ದ ನಿರ್ವಾಹಕನೇ ಅದನ್ನು ಸೇರಿಸಿದ್ದ. ಕೋಡ್ ತೆರೆದಿದ್ದರಿಂದಲೇ ಹಿಡಿಯಲು ಸಾಧ್ಯವಾಯಿತು, ಕೋಡ್ ತೆರೆದಿದ್ದರೂ ಒಬ್ಬ ಮನುಷ್ಯ ಹುಡುಕಲೇಬೇಕಾಯಿತು. ಅಂದಹಾಗೆ, ಫ್ರೌಂಡ್ ಸಂಬಳ ಪಡೆಯುತ್ತಿದ್ದುದು ಮೈಕ್ರೋಸಾಫ್ಟ್‌ನಿಂದ.

ಆದ್ದರಿಂದ ಯಾವ ಸಿಸ್ಟಂ ಆದರೂ ಅಪ್‌ಡೇಟ್ ಹಾಕಿ. ಗೊತ್ತಿಲ್ಲದ ಕಡೆಯಿಂದ ಕಾಪಿ ಮಾಡಿದ ಕಮಾಂಡನ್ನು ಸುಡೊ (ಅಡ್ಮಿನ್ ಅಧಿಕಾರ) ಜೊತೆ ಓಡಿಸಬೇಡಿ. ಬ್ಯಾಕಪ್ ಎರಡು ಕಡೆ ಇಡಿ.

10. ಹಳೆಯ ಲ್ಯಾಪ್‌ಟಾಪ್ ಬಿಸಾಡಬೇಡಿ

ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ರ‍್ಯಾಮ್ 4 ಜಿಬಿ ಇದ್ದರೆ ಸಾಧ್ಯವಾದಲ್ಲಿ 8 ಮಾಡಿಸಿ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಕ್ಲಾಸು, ಕೋಡಿಂಗ್, ಬ್ರೌಸಿಂಗ್, ಯೂಟ್ಯೂಬ್‌ಗೆ ಅಷ್ಟು ಸಾಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ನಿಮ್ಮೂರಿನ ಕಂಪ್ಯೂಟರ್ ಅಂಗಡಿಯಲ್ಲೋ ಈ ರಿಪೇರಿಗೆ ತಗಲುವುದು ಹೊಸ ಲ್ಯಾಪ್‌ಟಾಪಿನ ಬೆಲೆಯ ಚಿಕ್ಕದೊಂದು ಪಾಲು. ವಿಂಡೋಸ್ 10 ಇನ್ನೂ ಸ್ವಲ್ಪ ದಿನ ಬೇಕೇ ಬೇಕೆಂದರೆ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್‌ಗೆ ನೋಂದಾಯಿಸಿಕೊಳ್ಳಿ. ಮನೆಬಳಕೆಯವರಿಗೆ ಮೈಕ್ರೋಸಾಫ್ಟ್ ಹೇಳಿದ ಗಡುವು 2026ರ ಅಕ್ಟೋಬರ್ 13. ಅದು ಉಸಿರು ತೆಗೆದುಕೊಳ್ಳಲು ಕೊಟ್ಟ ಸಮಯ, ಪರಿಹಾರ ಅಲ್ಲ.

11. ಒಂದು ಡಿಸ್ಟ್ರೋ ಹಿಡಿಯಿರಿ, ಆರು ತಿಂಗಳು ಬಿಡಬೇಡಿ

ಡಿಸ್ಟ್ರೋ ಎಂದರೆ ಲಿನಕ್ಸ್‌ನ ಒಂದು ಸಿದ್ಧ ರೂಪ. ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಸಪೋರ್ಟ್ ಇರುವ ಆವೃತ್ತಿ) ಅಥವಾ ಮಿಂಟ್. ಸಾಕು. ಎಲ್‌ಟಿಎಸ್ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಐದು ವರ್ಷ ಅಪ್‌ಡೇಟ್ ಸಿಗುತ್ತದೆ. ರೆಡ್‌ಹ್ಯಾಟ್ ಕಡೆಯ ಕೆಲಸ ಗುರಿಯಾಗಿದ್ದರೆ ಫೆಡೋರಾ ನೋಡಿ. ವಾರಕ್ಕೊಂದು ಡಿಸ್ಟ್ರೋ ಬದಲಿಸುತ್ತಾ ವಾಲ್‌ಪೇಪರ್ ತೋರಿಸುವುದು ಕಲಿಕೆಯಲ್ಲ, ಕಾಲಹರಣ.

12. ಇನ್‌ಸ್ಟಾಲ್ ಮಾಡುವ ಮುನ್ನ ಈ ಕೆಲಸಗಳನ್ನು ಮುಗಿಸಿ

ತೀರ್ಮಾನ ಈ ವಾರ, ಇನ್‌ಸ್ಟಾಲ್ ಪರೀಕ್ಷೆ ಮುಗಿದ ಮೇಲೆ. ಸೆಮಿಸ್ಟರ್ ಪರೀಕ್ಷೆ ಹತ್ತಿರ ಇದ್ದರೆ, ಪ್ರಾಜೆಕ್ಟ್ ಡೆಡ್‌ಲೈನ್ ತಲೆಯ ಮೇಲಿದ್ದರೆ ಡಿಸ್ಕ್ ಮುಟ್ಟಬೇಡಿ. ನಿಮ್ಮ ಆನ್‌ಲೈನ್ ಪರೀಕ್ಷೆಗಳು ಯಾವ ಬ್ರೌಸರ್ ಕೇಳುತ್ತವೆ ಎಂದೂ ನೋಡಿಕೊಳ್ಳಿ. ಸೇಫ್ ಎಕ್ಸಾಂ ಬ್ರೌಸರ್‌ನಂಥವು ಲಿನಕ್ಸ್‌ನಲ್ಲಿ ಓಡುವುದಿಲ್ಲ. ಜಿಎಸ್‌ಟಿ, ಟೆಂಡರ್ ಕೆಲಸಕ್ಕೆ ಡಿಜಿಟಲ್ ಸಿಗ್ನೇಚರ್ ಟೋಕನ್ ಬಳಸುವವರು ಅದರ ಡ್ರೈವರ್ ಸಿಗುತ್ತದೆಯೇ ಎಂದು ಕೊಟ್ಟವರನ್ನೇ ಕೇಳಿ.

ಬ್ಯಾಕಪ್ ತೆಗೆಯಿರಿ. ತೆಗೆದದ್ದನ್ನು ಇನ್ನೊಂದು ಮಷಿನ್‌ನಲ್ಲಿ ತೆರೆದು ನೋಡಿ. ತೆರೆಯದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ಬಿಟ್‌ಲಾಕರ್ ಕೀ ಬರೆದಿಟ್ಟುಕೊಳ್ಳಿ. ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ನಿಮ್ಮನ್ನು ಕೇಳದೆಯೇ ಆನ್ ಆಗಿರುತ್ತದೆ. ಬೂಟ್ ಸೆಟ್ಟಿಂಗ್ ಬದಲಿಸಿದ ಕೂಡಲೇ ವಿಂಡೋಸ್ 48 ಅಂಕಿಗಳ ಕೀ ಕೊಡಿ ಎಂದು ಪಟ್ಟು ಹಿಡಿಯುತ್ತದೆ. ಮೈಕ್ರೋಸಾಫ್ಟ್ ಅಕೌಂಟಿಗೆ ಫೋನಿನಿಂದ ಲಾಗಿನ್ ಆಗಿ ಅದನ್ನು ಮೊದಲೇ ತೆಗೆದುಕೊಳ್ಳಿ. ಎರಡೂ ಸಿಸ್ಟಂ ಇಟ್ಟುಕೊಳ್ಳುವುದಾದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.

8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ಟೂಲ್ ಬಳಸಿ ಲಿನಕ್ಸ್‌ನ ಐಎಸ್‌ಒ ಫೈಲ್ ಬರೆಯಿರಿ. ಡೆಲ್, ಲೆನೊವೊ ಆದರೆ ಎಫ್12, ಎಚ್‌ಪಿ ಆದರೆ ಎಫ್9, ಏಸಸ್ ಆದರೆ ಸಾಮಾನ್ಯವಾಗಿ ಎಸ್ಕೇಪ್ ಒತ್ತಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಇನ್‌ಸ್ಟಾಲ್ ಒತ್ತಬೇಡಿ, ಟ್ರೈ ಒತ್ತಿ. ವೈಫೈ ಹಿಡಿಯುತ್ತದೆಯೇ, ಸ್ಪೀಕರ್, ವೆಬ್‌ಕ್ಯಾಮ್, ಬ್ಲೂಟೂತ್, ಪ್ರಿಂಟರ್ ಸರಿಯಿವೆಯೇ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಗೊಳ್ಳುತ್ತದೆಯೇ ನೋಡಿ. ಎಲ್ಲಕ್ಕೂ ಟಿಕ್ ಬಿದ್ದ ಮೇಲೆ ಮುಂದೆ ಹೋಗಿ. ಡಿಸ್ಕನ್ನೇ ತೋರಿಸದಿದ್ದರೆ ಬಯಾಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಆನ್ ಇರುವ ಸಾಧ್ಯತೆ ಹೆಚ್ಚು. ಅದನ್ನು ಬದಲಿಸಿದರೆ ಈಗಿರುವ ವಿಂಡೋಸ್ ಬೂಟ್ ಆಗದಿರಬಹುದು, ತಿಳಿದವರನ್ನು ಜೊತೆಗಿಟ್ಟುಕೊಂಡು ಮಾಡಿ.

13. ಆಫೀಸಿನಲ್ಲಿ ಪ್ರಸ್ತಾಪ ಇಡಿ, ಕ್ರಾಂತಿ ಮಾಡಬೇಡಿ

ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಕೇಳದೆ ಏನನ್ನೂ ಹಾಕಬೇಡಿ, ಕೆಲಸಕ್ಕೇ ಸಂಚಕಾರ. ಮ್ಯಾನೇಜರ್ ಮುಂದೆ ಸ್ವಾತಂತ್ರ್ಯದ ಭಾಷಣವೂ ಬೇಡ. ಒಂದು ಪುಟದಲ್ಲಿ ಬರೆದುಕೊಡಿ: ಯಾವ ಮಷಿನ್‌ಗಳು, ಈಗಿನ ಲೈಸೆನ್ಸ್ ಖರ್ಚು, ತರಬೇತಿ ಖರ್ಚು, ಕೈಕೊಟ್ಟರೆ ಯಾರಿಗೆ ಫೋನ್ ಮಾಡುವುದು. ಕೊನೆಯ ಸಾಲನ್ನು ಬಿಟ್ಟರೆ ಪ್ರಸ್ತಾಪ ಬಿದ್ದಂತೆಯೇ. ಲಿನಕ್ಸ್‌ಗೆ ಲೈಸೆನ್ಸ್ ಖರ್ಚಿಲ್ಲ, ಸಪೋರ್ಟ್‌ಗೆ ಖರ್ಚಿದೆ. ಐಬಿಎಂ 2019ರಲ್ಲಿ ರೆಡ್‌ಹ್ಯಾಟನ್ನು 3,400 ಕೋಟಿ ಡಾಲರ್‌ಗೆ ಕೊಂಡಿದ್ದು ಸುಮ್ಮನೆ ಅಲ್ಲ.

ಉದಾಹರಣೆ ಕೇಳಿದರೆ ಪಕ್ಕದ ಕೇರಳ ತೋರಿಸಿ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆ ಉಬುಂಟು ಆಧರಿಸಿ ತಾನೇ ಸಿದ್ಧಪಡಿಸಿದ ಲಿನಕ್ಸ್ ಓಡಿಸುತ್ತದೆ. ಅವರು ಶಿಕ್ಷಕರಿಗೆ ತರಬೇತಿಯನ್ನೂ ಕೊಟ್ಟರು. ಕೇಂದ್ರ ಸರ್ಕಾರವೂ 2015ರಲ್ಲೇ ಓಪನ್ ಸೋರ್ಸ್‌ಗೆ ಆದ್ಯತೆ ಕೊಡುವ ನೀತಿ ಹೊರಡಿಸಿದೆ. ಸರ್ಕಾರಿ ಕಚೇರಿಯಲ್ಲಿರುವವರು ಆ ನೀತಿಯನ್ನೇ ಫೈಲಿಗೆ ಲಗತ್ತಿಸಿ.

14. ಬಳಸುವುದರಲ್ಲೇ ನಿಲ್ಲಬೇಡಿ, ಒಳಗೆ ಕೈ ಹಾಕಿ

ವಿಂಡೋಸ್‌ನಲ್ಲಿ ಸಿಗದ ಅವಕಾಶ ಇಲ್ಲಿದೆ: ಜಗತ್ತು ಬಳಸುವ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಹೆಸರು. ದೊಡ್ಡ ಕೋಡೇ ಬರೆಯಬೇಕೆಂದಿಲ್ಲ. ಲಿಬ್ರೆಆಫೀಸ್, ಗ್ನೋಮ್ ಮೆನುಗಳ ಕನ್ನಡ ಅನುವಾದದಲ್ಲಿ ಬಾಕಿ ಉಳಿದ ಸಾಲುಗಳನ್ನು ತುಂಬಿ. ಬೆಂಗಳೂರಿನಲ್ಲಿ ಫಾಸ್ ಯುನೈಟೆಡ್‌ನವರ ಮೀಟಪ್‌ಗಳಿಗೆ ಹೋಗಿ, ಪ್ರಶ್ನೆ ಕೇಳಿ. ಗೂಗಲ್ ಸಮ್ಮರ್ ಆಫ್ ಕೋಡ್ 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ತೆರೆದಿದೆ, ಸ್ಟೈಪೆಂಡ್ ಕೊಡುತ್ತಾರೆ. ರೆಸ್ಯುಮೆಯಲ್ಲಿ "ಲಿನಕ್ಸ್ ಬರುತ್ತದೆ" ಎಂದು ಎಲ್ಲರೂ ಬರೆಯುತ್ತಾರೆ. ಒಪ್ಪಿಕೊಂಡ ಪ್ಯಾಚ್‌ನ ಲಿಂಕ್ ಇಟ್ಟವರಿಗೆ ಇಂಟರ್‌ವ್ಯೂನಲ್ಲಿ ಬೇರೆಯದೇ ಪ್ರಶ್ನೆ ಬೀಳುತ್ತದೆ.

ಬಗ್ ರಿಪೋರ್ಟ್‌ನಿಂದ ಶುರು ಮಾಡಿ. ಮೊದಲು ಅದೇ ದೂರು ಬೇರೆಯವರು ಕೊಟ್ಟಿದ್ದಾರೆಯೇ ಎಂದು ಹುಡುಕಿ. ಇಲ್ಲದಿದ್ದರೆ ನೀವು ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಎಂದು ಮೂರೇ ಸಾಲು ಬರೆಯಿರಿ. ಕನ್ನಡ ಅಕ್ಷರ ಒಡೆದು ಕಾಣುತ್ತಿದ್ದರೆ ಸ್ಕ್ರೀನ್‌ಶಾಟ್ ಜೊತೆಗೆ ಆ ಪದವನ್ನು ಟೈಪ್ ಮಾಡಿಯೂ ಕೊಡಿ, ಕನ್ನಡ ಓದಲು ಬಾರದ ಡೆವಲಪರ್ ಅದನ್ನು ಕಾಪಿ ಮಾಡಿ ಪರೀಕ್ಷಿಸಬೇಕಲ್ಲ. ಫಾಂಟ್ ಹೆಸರು, ಸಾಫ್ಟ್‌ವೇರ್ ವರ್ಷನ್, ಡಿಸ್ಟ್ರೋ ವರ್ಷನ್ ಮೂರನ್ನೂ ಕೆಳಗೆ ಸೇರಿಸಿ, ಮರುಪ್ರಶ್ನೆ ಬಂದರೆ ಅದೇ ದಿನ ಉತ್ತರಿಸಿ.